ಬೇಲ್ ರಿಜೆಕ್ಟ್ ಆಗೇತ್ರಿ ಅಕ್ಕೋರ

ಹಾವಿಗೆ ಅಂಜುವವರಿದ್ದಾರೆ, ಕತ್ತಲೆಗೆ ಅಂಜುವವರಿದ್ದಾರೆ. ನಮ್ಮ ಅತ್ತೆ ಗುಡುಗಿಗೆ ಅಂಜುತ್ತಾರೆ; ಎರೆಹೊಲದ ಮೇಲೆ ಮೋಡ ಕಪ್ಪಿಟ್ಟರೆ ಸಾಕು, ಮನೆಯ ಹಿತ್ತಾಳೆ ಸಾಮಾನನ್ನೆಲ್ಲ ಕೌದಿಯಡಿ ಮುಚ್ಚಿ ತಾವೂ ಅದರ ಬಾಜೂಕ್ಕೆ ಕುಳಿತುಬಿಡುತ್ತಾರೆ. ನಮ್ಮ ಯಜಮಾನರು ಸೂಜಿಗೆ ಅಂಜುತ್ತಾರೆ. ಇವೆಲ್ಲ ಮರ್ಯಾದಸ್ಥ ಅಂಜಿಕೆಗಳು. ನಾಲ್ಕು ಜನರ ಎದುರು ಹೇಳಿಕೊಂಡರೆ "ಹೌದ್ರಿ, ನಮ್ಮನ್ಯಾಗೂ ಹಂಗ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ನನ್ನ ಅಂಜಿಕೆಗೆ ಮಾತ್ರ ಇದುವರೆಗೂ ಜೊತೆಗಾರರು ಸಿಕ್ಕಿಲ್ಲ. ನಾನು ಅಂಜುವುದು ಕಿವಿಗೆ ಒಂದೇ ತರಹ ಕೇಳಿಸುವ ಇಂಗ್ಲಿಷ್ ಶಬ್ದಗಳಿಗೆ. ಇದನ್ನು ಯಾರೆದುರೂ ಹೇಳುವಂತಿಲ್ಲ. ಏಕೆಂದರೆ ಮೊರಬದ ಆಚೆಗಿರುವ ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅಕ್ಕೋರು ನಾನೇ. ಹೂಗಾರನಿಗೆ ಹೂವಿನ ವಾಸನೆ ಆಗದು ಎಂದರೆ ಯಾರು ನಂಬುತ್ತಾರೆ?

ಆ ಶಬ್ದಗಳು ಅವಳಿಜವಳಿ ಮಕ್ಕಳಿದ್ದ ಹಾಗೆ. ತರಗತಿಯಲ್ಲಿ ಎದುರು ಕೂತಾಗ ಒಂದು ಶಾಂತ, ಒಂದು ತುಂಟ ಎಂದು ಗುರುತು ಹಿಡಿಯಬಹುದು. ಬೆನ್ನ ಹಿಂದಿನಿಂದ ಕೂಗಿದಾಗ ಯಾವುದು ಎಂದು ತಿಳಿಯುವುದಿಲ್ಲ. ಹೂವಿಗೂ ಹಿಟ್ಟಿಗೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರ. ಇದೇನು ಅನ್ಯಾಯ ಎಂದು ನಿಘಂಟು ತೆಗೆದು ನೋಡಿದರೆ ಮೂಲದಲ್ಲಿ ಅವೆರಡೂ ಒಂದೇ ಶಬ್ದವಂತೆ. ಬೀಸಿ ಜರಡಿ ಹಿಡಿದ ಹಿಟ್ಟಿನಲ್ಲಿ ಅತಿ ನಯವಾದದ್ದನ್ನು ಹಿಂದಿನವರು ಅದರ 'ಹೂವು' ಎಂದರಂತೆ. ಓದಿ ಸಂತೋಷವಾಯಿತು. ಅದೇ ಸಂತೋಷದಲ್ಲಿ ಅತ್ತೆಗೆ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹಂಗಾರ ದೇವರಿಗೆ ನಾಳಿಂದ ಹಿಟ್ಟ ಏರಸ್ತೀ ಏನ?" ಎಂದರು. ಶಾಲೆಯ ಎದುರಿನ ಅಂಗಡಿಗೆ 'ಸ್ಟೇಷನರಿ' ಎಂದು ಬೋರ್ಡು ಬರೆಸಿದಾಗಲೂ ಹೀಗೇ ಆಯಿತು. 'ಇ' ಇರಬೇಕಾದಲ್ಲಿ ಪೇಂಟರ್ 'ಎ' ಬರೆದಿದ್ದ. 'ಇ' ಹಾಕಿದರೆ ಕಾಗದ, ಪೆನ್ನು. 'ಎ' ಹಾಕಿದರೆ ಕದಲದೆ ನಿಂತದ್ದು ಎಂದರ್ಥ ಎಂದು ಅಂಗಡಿಯವನಿಗೆ ಹೇಳಿ ತಿದ್ದಿಸಿದೆ. ಆಮೇಲೆ ಮನೆಗೆ ಬಂದು ನಿಘಂಟು ನೋಡಿದರೆ, ಊರೂರು ತಿರುಗದೆ ಒಂದೇ ಕಡೆ ನಿಂತು ಪುಸ್ತಕ, ಕಾಗದ ಮಾರುತ್ತಿದ್ದವನಿಂದಲೇ ಆ ಕಾಗದ-ಪೆನ್ನಿನ ಹೆಸರೂ ಹುಟ್ಟಿದ್ದಂತೆ! ಅಂದಿನಿಂದ ಆ ಬೋರ್ಡಿನ ಕೆಳಗೆ ಹಾಯುವಾಗ ತಲೆ ಎತ್ತಿ ನೋಡುವ ಧೈರ್ಯ ನನಗಿಲ್ಲ.

ಇವು ಸಣ್ಣ ಅಂಜಿಕೆಗಳು. ನಾನು ಹೇಳಹೊರಟಿರುವುದು ದೊಡ್ಡದನ್ನು.

ನಮ್ಮ ಯಜಮಾನರು ಸಿದ್ದಪ್ಪ, ಮೊದಲು ಬೀಜ-ಗೊಬ್ಬರದ ಅಂಗಡಿಯಲ್ಲಿದ್ದವರು, ದಸರೆಯ ನಂತರ ಅಣ್ಣಿಗೇರಿಯ ಕಡೆಯ ಒಂದು ಹತ್ತಿ ಮಿಲ್ಲಿನಲ್ಲಿ ಸೂಪರ್‌ವೈಜರ್ ಆಗಿ ಸೇರಿದರು. ಅಲ್ಲಿ ಹತ್ತಿಯಿಂದ ಕಾಳು ಬೇರ್ಪಡಿಸಿ, ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಕಟ್ಟಿ ಲಾರಿಗೆ ಹೇರುತ್ತಾರೆ. ಇಷ್ಟು ನನಗೆ ಗೊತ್ತಿತ್ತು. ಇದಕ್ಕಿಂತ ಹೆಚ್ಚು ಗೊತ್ತಾಗುವ ಸಂಭವವಿರಲಿಲ್ಲ. ಅವರು ಮನೆಯಲ್ಲಿ ಕೆಲಸದ ಮಾತೆತ್ತುವವರಲ್ಲ. "ಇವತ್ತ ಏನಾತ್ರಿ?" ಎಂದರೆ "ಹತ್ತಿ" ಎನ್ನುತ್ತಾರೆ. "ಮತ್ತ?" ಎಂದರೆ "ಮತ್ತ ಹತ್ತಿ" ಎನ್ನುತ್ತಾರೆ. ಆದರೆ ಸಿಟ್ಟು ಬಂದರೆ ಬೇರೆಯೇ ಮನುಷ್ಯ. ಆ ವಾರವಷ್ಟೇ ಮಿಲ್ಲಿನ ಗೇಟಿನಲ್ಲಿ ಒಬ್ಬ ಲಾರಿಯವನು ಮುದುಕ ಹಮಾಲನೊಬ್ಬನನ್ನು ಬೈದನೆಂದು ಅವನ ಅಂಗಿ ಹಿಡಿದು ಎತ್ತಿಬಿಟ್ಟಿದ್ದರಂತೆ. ಲಾರಿಯವನು "ಕೇಸ್ ಹಾಕ್ತೀನಿ ನಿನ್ನ ಮ್ಯಾಲ" ಎಂದು ಹೋದನಂತೆ. ಇದು ಅವರು ಹೇಳಿದ್ದಲ್ಲ. ಅಂಗಿಯ ತೋಳು ಹರಿದದ್ದು ಏಕೆಂದು ಮೂರು ಸಲ ಕೇಳಿದ ಮೇಲೆ ಅವರ ಬಾಯಿಂದ ಉದುರಿದ್ದು. ಅಂದಿನಿಂದ ಬಾಗಿಲ ಸಪ್ಪಳವಾದರೆ ಪೊಲೀಸರೇ ಬಂದರೇನೋ ಎಂದು ನಾನು ಇಣುಕಿ ನೋಡುತ್ತಿದ್ದೆ. ಅವರೂ ಊಟ ಕಡಿಮೆ ಮಾಡಿ, ಸುಮ್ಮಸುಮ್ಮನೆ ಅಂಗಳಕ್ಕೆ ಹೋಗಿ ಆಕಾಶ ನೋಡುತ್ತಿದ್ದರು.

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಮನೆಗೆ ಬಂದಾಗ ಮನೆ ತುಂಬ ಏಲಕ್ಕಿಯ ವಾಸನೆ. ನಾದಿನಿ ರೇಣುಕಾಳನ್ನು ನೋಡಿ ಹೋಗಿದ್ದ ಯರಗುಪ್ಪಿಯವರು ಆ ದಿನ ಸಂಜೆ ಮಾತು ಪಕ್ಕಾ ಮಾಡಲು ಬರುವವರಿದ್ದರು. ಹುಡುಗ ಕುಂದಗೋಳದಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜ್ ಇಟ್ಟವನು. ರೇಣುಕಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಹಿಂದೆ ಬಂದ ಎರಡು ಸಂಬಂಧ ಏನೇನೋ ಕಾರಣಕ್ಕೆ ತಪ್ಪಿಹೋಗಿದ್ದವು. ಇದು ಅವಳ ಮನಸ್ಸಿಗೂ ಬಂದಿತ್ತು ಎಂಬುದು ಅವಳು ಹೇಳದಿದ್ದರೂ, ಕನ್ನಡಿಯ ಮುಂದೆ ನಿಂತು ಪದೇ ಪದೇ ನೆರಿಗೆ ಬಿಚ್ಚಿ ಉಡುತ್ತಿದ್ದುದರಲ್ಲಿ ಗೊತ್ತಾಗುತ್ತಿತ್ತು. ಯಜಮಾನರು ಮೂರರೊಳಗೆ ಬಂದುಬಿಡುವುದಾಗಿ ಹೇಳಿ ಹೋಗಿದ್ದರು. ಹೋಗುವ ಅವಸರದಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕಿದಲ್ಲೇ ಮರೆತಿದ್ದರು.

ನಾನು ಶಿರಾ ತಿರುವುತ್ತಿದ್ದೆ. ನನ್ನ ಫೋನು ರಿಂಗಾಯಿತು. ಆಚೆ ಮಿಲ್ಲಿನ ಮುಕಾದಮ ಮುತ್ತಪ್ಪ, ಹಮಾಲರ ಮೇಸ್ತ್ರಿ. ಅವನ ದನಿಗಿಂತ ಹಿಂದಿನ ಯಂತ್ರದ ಗದ್ದಲವೇ ಜೋರಾಗಿತ್ತು.

"ಅಕ್ಕೋರ, ನಾ ಮುತ್ತಪ್ಪರಿ. ಅಣ್ಣಾರ ಹೇಳಂದ್ರು. ಅವರಿಗೆ ಇವತ್ತ ಬರಾಕ ಆಗೂದಿಲ್ರಿ. ಬೇಲ್ ರಿಜೆಕ್ಟ್ ಆಗೇತಿ."

"ಏನಂದ್ರಿ?"

"ಬೇಲ್ರಿ, ಬೇಲ್! ರಿಜೆಕ್ಟ್ ಆತ್ರಿ! ಸಾಹೇಬ್ರ ಅಗದಿ ಖಡಕ್ ಅದಾರ, ಕೈ ಮುಗದ್ರೂ ಕೇಳವಲ್ರು. ಅಣ್ಣಾರನ್ನ ಒಳಗ ಕುಂದರಿಸ್ಯಾರ. ಸೋಮವಾರತನಕಾ ಬಿಡಂಗಿಲ್ಲ ಅನ್ನಾಕತ್ತಾರ..."

ಅಷ್ಟಕ್ಕೆ ಕರೆ ಕಡಿದುಹೋಯಿತು. ನಾನು ಮತ್ತೆ ಹಚ್ಚಿದೆ. ಅವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಣ್ಣುಮಗಳು ಹೇಳಿದಳು. ಮತ್ತೆ ಹಚ್ಚಿದೆ, ಮತ್ತೆ ಅದನ್ನೇ ಹೇಳಿದಳು. ಅವಳ ದನಿ ಎಷ್ಟು ತಣ್ಣಗಿತ್ತೆಂದರೆ, ಗಂಡನನ್ನು ಒಳಗೆ ಹಾಕಿದಾಗ ಹೆಂಡತಿಯರಿಗೆ ಸುದ್ದಿ ತಿಳಿಸಲೆಂದೇ ಅವಳನ್ನು ನೇಮಿಸಿರಬೇಕು ಎನ್ನಿಸಿತು.

ಬೇರೆ ಯಾರಾದರೂ ಆಗಿದ್ದರೆ 'ಬೇಲ್' ಎಂದರೇನು ಎಂದು ಇನ್ನೊಬ್ಬರನ್ನು ಕೇಳುತ್ತಿದ್ದರು. ನಾನು ಯಾರನ್ನು ಕೇಳಲಿ? ಊರವರೆಲ್ಲ ನನ್ನನ್ನೇ ಕೇಳುವುದು. ಅದೂ ಅಲ್ಲದೆ ಆ ಜೋಡಿಯನ್ನು ನಾನು ಆ ತಿಂಗಳೇ ಒಂಬತ್ತನೆಯ ತರಗತಿಗೆ ಕಲಿಸಿದ್ದೆ. ಒಂದು ಬೇಲ್ ಎಂದರೆ ಜಾಮೀನು. ಇನ್ನೊಂದು ಬೇಲ್ ಎಂದರೆ ದೊಡ್ಡ ಕಟ್ಟು. ಹಲಗೆಯ ಮೇಲೆ ವಿದೇಶದ ಹುಲ್ಲಿನ ಕಟ್ಟೊಂದನ್ನು ಬರೆದು ತೋರಿಸಿದ್ದೆ. ಗಂಡ ಹತ್ತಿ ಮಿಲ್ಲಿನಲ್ಲಿದ್ದರೂ ಆ ಕಟ್ಟು ಹತ್ತಿಯದೂ ಇರಬಹುದು ಎಂದು ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಹುಲ್ಲಿನ ಕಟ್ಟು ಇಂಗ್ಲೆಂಡಿನಲ್ಲಿತ್ತು, ನನ್ನ ಗಂಡ ಅಣ್ಣಿಗೇರಿಯ ಲಾಕಪ್ಪಿನಲ್ಲಿದ್ದರು.

ಶಿರಾ ತಳ ಹಿಡಿದು ಕಮರುವ ವಾಸನೆ ಬರುತ್ತಿತ್ತು. ಸೌಟು ಕೈಯಲ್ಲೇ ಇತ್ತು, ಆದರೆ ಅದನ್ನು ತಿರುವಬೇಕೆಂಬುದು ಮರೆತಿತ್ತು. ಲಾರಿಯವನ ಮುಖವನ್ನು ನಾನು ನೋಡಿದವಳಲ್ಲ, ಆದರೂ ಅವನು ನನ್ನ ಕಣ್ಣೆದುರು ಮೀಸೆ ತಿರುವುತ್ತ ನಿಂತಿದ್ದ. ವಾಸನೆ ಹಿಡಿದು ಅತ್ತೆ ಒಳಗೆ ಬಂದರು.

"ಯಾಕ ಗಿರಿಜಾ, ಶಿರಾ ಹೊತ್ತಾಕತ್ತೇತಿ. ಮಾರಿ ಯಾಕ ಹಂಗ ಮಾಡಿ?"

ಅತ್ತೆಗೆ ರಕ್ತದೊತ್ತಡ. ಮೆಲ್ಲಗೆ, ಸುತ್ತುಬಳಸಿ ಹೇಳಬೇಕು ಎಂದುಕೊಂಡೆ. ಬಾಯಿಂದ ನೇರ ಬಂತು: "ಅತ್ತೀ, ಅವರಿಗೆ ಬೇಲ್ ಸಿಗಲಿಲ್ಲಂತ."

"ಬೇಲದ ಹಣ್ಣೇನು? ಈಗೆಲ್ಲಿ ಸಿಗತಾವ? ಯಾರ ತಾ ಅಂದಿದ್ರು ಅವಗ?"

"ಹಣ್ಣಲ್ರಿ. ಬೇಲ್, ಬೇಲ್!"

"ಬೇಲಿ? ಯಾರ ದನಾ ಮುರದ್ವು?"

"ಜಾಮೀನ್ರಿ ಅತ್ತೀ, ಜಾಮೀನು!"

"ಜಮೀನಿಗೆ ಏನಾತವ್ವಾ!" ಎಂದು ಅವರು ಎದೆ ಹಿಡಿದುಕೊಂಡು ಕಟ್ಟೆಗೆ ಕುಸಿದರು. ಮಗ ಒಳಗಿದ್ದಾನೆ ಎಂದು ಬಿಡಿಸಿ ಹೇಳಿದ ಮೇಲೆ ಮಾತ್ರ ಅವರು ವಿಚಿತ್ರವಾಗಿ ಗಟ್ಟಿಯಾದರು. ಕಣ್ಣೀರು ಹಾಕಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಬೀಗರ ಬರೂ ಹೊತ್ತು. ಅವರು ಹೋಗೂತನಕಾ ಈ ಮಾತು ಈ ಅಡಿಗಿಮನಿ ದಾಟಬಾರದು. ರೇಣವ್ವನ ಮುಂದ ಬಾಯಿ ಬಿಡಬ್ಯಾಡ" ಎಂದರು. ಹೇಳಿ ಮುಗಿಸಿ ತಿರುಗಿದರೆ ಬಾಗಿಲಲ್ಲಿ ರೇಣುಕಾ ನಿಂತಿದ್ದಾಳೆ. ಎಲ್ಲ ಅವಳ ಕಿವಿಗೆ ಬಿದ್ದಿತ್ತು. ಹೊರಗೆ ಜೀಪು ನಿಂತ ಸದ್ದಾಯಿತು. ಬೀಗರು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿದ್ದರು.

ಮೂವರು ಬಂದಿದ್ದರು. ಹುಡುಗನ ತಂದೆ ಫಕೀರಪ್ಪ, ಎತ್ತರದ, ನಿಧಾನ ಮಾತಿನ ಮನುಷ್ಯ. ತಾಯಿ ನೀಲವ್ವ. ಅವರ ಅಣ್ಣ ಒಬ್ಬರು, ದೊಡ್ಡ ಹೊಟ್ಟೆ, ಸಣ್ಣಗೆ ಕತ್ತರಿಸಿದ ಕೂದಲು. ಫಕೀರಪ್ಪನವರು ಪರಿಚಯಿಸಿದರು: "ಇವರು ನಮ್ಮ ಹುಡುಗನ ಸ್ವಾದರಮಾವ. ಪೊಲೀಸಿನ್ಯಾಗ ಹವಾಲ್ದಾರ ಇದ್ರು, ಈಗ ರಿಟೈರ್."

ಅವರಿಗೆಂದು ತಂದ ತಂಬಿಗೆಯ ನೀರನ್ನು ನಾನೇ ಒಂದು ಗುಟುಕು ಕುಡಿದುಬಿಟ್ಟೆ. ಊರಲ್ಲಿ ಇಷ್ಟೊಂದು ನಿವೃತ್ತರಿದ್ದಾರೆ. ಅಂಚೆಯವರು, ಕಂಡಕ್ಟರುಗಳು, ಮಾಸ್ತರರು. ಅವರನ್ನೆಲ್ಲ ಬಿಟ್ಟು ದೇವರು ಈ ಹೊತ್ತಿಗೆ ನಮ್ಮ ಮನೆಗೆ ಹವಾಲ್ದಾರರನ್ನೇ ಕಳಿಸಿದ್ದ. ಚಾಪೆಯ ಮೇಲೆ ಕುಳಿತು ಅವರು ಗೋಡೆ, ಜಂತಿ, ಫೋಟೋ ಎಲ್ಲವನ್ನೂ ತಪಾಸಣೆ ಮಾಡುವಂತೆ ನೋಡಿ, "ಯಜಮಾನ್ರು ಎಲ್ಲಿ ಅದಾರವ್ವಾ?" ಎಂದರು.

ಸುಳ್ಳು ಹೇಳಲು ನನಗೆ ಬಾರದು ಎಂದು ಹೇಳಿಕೊಂಡರೆ ಅದೇ ಒಂದು ಸುಳ್ಳು. ಬರುತ್ತದೆ, ಆದರೆ ಅಂಜಿದಾಗ ನಾಲಗೆಗೆ ಅದು ಸಿಗುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಎಸೆದಂತೆ ಖರೇ ಮಾತೇ ಮೊದಲು ಬಂದುಬಿಡುತ್ತದೆ. "ಒಳಗ ಅದಾರ್ರಿ" ಎಂದೆ.

"ಬರಲಿ ಬರಲಿ, ಅವಸರಿಲ್ಲ" ಎಂದರು ಹವಾಲ್ದಾರರು, ನಮ್ಮ ಒಳಕೋಣೆಯ ಬಾಗಿಲ ಕಡೆ ನೋಡುತ್ತ.

ಮೂವರೂ ಆ ಬಾಗಿಲನ್ನು ನೋಡುತ್ತ ಕುಳಿತರು. ನಾನೂ ನೋಡಿದೆ, ಬೇರೇನು ಮಾಡಲಿ? ಶಿರಾ ಬಂತು, ತಳ ಹಿಡಿದದ್ದನ್ನು ಬಿಟ್ಟು ಮೇಲಿನದು. ಚಹಾ ಬಂತು. ಯಜಮಾನರು ಮಾತ್ರ ಬರಲಿಲ್ಲ. ನೀಲವ್ವ, "ಆರಾಮಿಲ್ಲೇನ್ರಿ ಅವರಿಗೆ?" ಎಂದರು. ಅತ್ತೆ "ಹೌದವ್ವಾ" ಎಂದರು. ಅದೇ ಹೊತ್ತಿಗೆ ನಾನು "ಇಲ್ರಿ, ಅರಾಮದಾರ" ಎಂದೆ. ಹವಾಲ್ದಾರರ ಹುಬ್ಬು ಮೇಲೇರಿತು. ಸರ್ವಿಸಿನಲ್ಲಿದ್ದಾಗ ಎಷ್ಟು ಜನ ಆ ಹುಬ್ಬನ್ನು ನೋಡಿ ಎಲ್ಲ ಒಪ್ಪಿಕೊಂಡಿದ್ದರೋ, ನಾನೂ ಒಪ್ಪಿಕೊಂಡುಬಿಟ್ಟೆ. ಲಾರಿಯವನು, ಹರಿದ ಅಂಗಿ, ಮುತ್ತಪ್ಪನ ಫೋನು ಎಲ್ಲ ಹೇಳಿದೆ. ಹೇಳುತ್ತ ಅಳು ಬಂತು. ಅತ್ತೆ ತಲೆಯ ಮೇಲೆ ಕೈ ಹೊತ್ತು ಕುಳಿತರು.

ನನ್ನ ಒಳಗೆ ಒಂದು ಸಣ್ಣ ಆಸೆಯಿತ್ತು. ಮುಂಜಾನೆ ಎಂಟಕ್ಕೆ ಮನೆಯಲ್ಲಿ ರೊಟ್ಟಿ ತಿಂದವರನ್ನು ಯಾವಾಗ ಹಿಡಿದರು, ಯಾವಾಗ ಕೋರ್ಟಿಗೆ ಹಾಜರು ಮಾಡಿದರು, ಮಧ್ಯಾಹ್ನದೊಳಗೆ ಜಾಮೀನು ಯಾವಾಗ ತಿರಸ್ಕಾರವಾಯಿತು? ಪೊಲೀಸಿನವರು ಇದನ್ನು ಕೇಳಿ ನಕ್ಕು, 'ಹಂಗ ಆಗಾಕ ಸಾಧ್ಯ ಇಲ್ಲವ್ವಾ' ಎಂದಾರು ಎಂದು ಅವರ ಮುಖವನ್ನೇ ನೋಡಿದೆ. ಹವಾಲ್ದಾರರು ಲೆಕ್ಕ ಹಾಕಿದರು, ತಲೆದೂಗಿದರು, ಆ ತೂತನ್ನೂ ಮುಚ್ಚಿಬಿಟ್ಟರು.

"ಆಂಟಿಸಿಪೇಟರಿ ಇರಬೇಕು. ಹಿಡಿಯೂಕಿಂತ ಮೊದಲ ಹಾಕೂ ಬೇಲ್. ಮನ್ಯಾಗ ತಿಳಿಸಿರಂಗಿಲ್ಲ. ವಕೀಲರನ್ನ ಹಿಡದು ಒಳಗಿಂದೊಳಗ ಹಾಕ್ಯಾರ, ಅದು ರಿಜೆಕ್ಟ್ ಆಗೇತಿ, ರಿಜೆಕ್ಟ್ ಆಗಿದ್ದ ತಡಾ ಎತ್ತಿ ಒಳಗ ಹಾಕ್ಯಾರ. ಅಂಗಿ ಹಿಡದಿದ್ದಕ್ಕ ಇಷ್ಟ ಆಗೂದಿಲ್ಲ ನೋಡ್ರಿ. ಲಾರಿಯವಗ ಎಲ್ಯೋ ಬಿರುಸ ಪೆಟ್ಟ ಬಿದ್ದಿರಬೇಕು."

ಎಲ್ಲವೂ ಕೂಡಿ ಬಂತು. ಊಟ ಬಿಟ್ಟದ್ದು, ಅಂಗಳದಲ್ಲಿ ನಿಂತು ಆಕಾಶ ನೋಡಿದ್ದು, ಕೇಳಿದ್ದಕ್ಕೆಲ್ಲ 'ಹತ್ತಿ' ಎಂದದ್ದು! ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಮನುಷ್ಯ ಇಂಥದ್ದನ್ನು ನನ್ನಿಂದ ಮುಚ್ಚಿಟ್ಟರಲ್ಲ ಎಂಬ ಸಂಕಟದ ಮುಂದೆ ಲಾಕಪ್ಪಿನ ಅಂಜಿಕೆಯೇ ಸಣ್ಣದಾಯಿತು. ಅಷ್ಟರಲ್ಲಿ ನೀಲವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. "ಇರಲಿ ತಗೋರಿ. ನಾವು ಮತ್ತೊಮ್ಮೆ ಬಂದೇವು" ಎಂದರು. ಆ 'ಮತ್ತೊಮ್ಮೆ' ಏನೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಎರಡು ಸಂಬಂಧದವರೂ ಹಾಗೇ ಹೇಳಿ ಹೋಗಿದ್ದರು.

ಆಗ ರೇಣುಕಾ ಹೊರಗೆ ಬಂದಳು. ಖಾಲಿ ಕಪ್ಪುಗಳನ್ನು ಎತ್ತುವ ನೆಪ ಮಾಡಿ ಬಗ್ಗಿದವಳು, ಎತ್ತದೆ ನೆಟ್ಟಗೆ ನಿಂತಳು.

"ನಮ್ಮಣ್ಣ ಯಾರಿಗೂ ಸುಮ್ಮಸುಮ್ಮನ ಕೈ ಹಚ್ಚಾಂವ ಅಲ್ರಿ. ಮುದುಕಗ ಬೈದ್ರಂತ ಅಂಗಿ ಹಿಡದಾನ. ಅದಕ್ಕ ಒಳಗ ಹಾಕಿದ್ರ ಹಾಕಲಿ. ಒಳಗಿದ್ರೂ ಅವ ನಮ್ಮಣ್ಣನ. ನಿಮಗ ಬ್ಯಾಡಾದ್ರ ಇವತ್ತ ಹೇಳ್ರಿ, ಮತ್ತೊಮ್ಮೆ ಬರೂದು ಬ್ಯಾಡ. ನಾವು ಈಗ ಅಣ್ಣನ ಕಡೆ ಹೋಗಬೇಕಾಗೇತಿ."

ಅತ್ತೆಯ ಮುಖ ನೋಡಲು ನನಗೆ ಅಂಜಿಕೆಯಾಯಿತು. ಫಕೀರಪ್ಪನವರು ಟೋಪಿ ತೆಗೆದು ಕೊಡವಿ, ಮತ್ತೆ ಹಾಕಿಕೊಂಡು, ಹೆಂಡತಿಯ ಕಡೆ ತಿರುಗಿದರು. "ಏ ಇಕಿನ, ಕೂಡು." ಆಮೇಲೆ ನನ್ನತ್ತ: "ಜಾಮೀನಿಗೆ ಯಾರರ ಬೇಕಾಗತೈತಿ ಅಲ್ರಿ? ನನ್ನ ಹೊಲದ ಉತಾರಾ, ಪಹಣಿ ಕಾಗದ, ಕೊಡೂಣಂತ. ಮಗಗ ಫೋನ್ ಮಾಡಿ ಸೀದಾ ಅಣ್ಣಿಗೇರಿಗೆ ತರಸ್ತೀನಿ. ಏಳ್ರಿ, ಗಾಡಿ ಹೆಂಗೂ ಐತಿ, ಹೋಗೂಣು."

"ಇನ್ನೂ ಮಾತ ಮುಗಿದಿಲ್ಲ, ಆಗಲೇ ಹೊಲಾ ಬರದ ಕೊಡ್ತೀರೇನು?" ಎಂದು ನೀಲವ್ವ ಗೊಣಗಿದರು.

"ಮಾತ ಮುಗದ ಮ್ಯಾಲ ಎಲ್ಲಾರೂ ಕೊಡ್ತಾರ" ಎಂದರು ಫಕೀರಪ್ಪ.

ಜೀಪಿನಲ್ಲಿ ಎಲ್ಲರೂ ಒತ್ತಿಕೊಂಡು ಕುಳಿತೆವು. ಹವಾಲ್ದಾರರು ಮುಂದೆ ಕುಳಿತು, ಸೆಕ್ಷನ್ನುಗಳನ್ನು ಒಂದೊಂದಾಗಿ ಹೇಳುತ್ತ, ಯಾವುದಕ್ಕೆ ಎಷ್ಟು ವರ್ಷ ಎಂದು ವಿವರಿಸುತ್ತ ಬಂದರು. ನವಲಗುಂದ ದಾಟುವಷ್ಟರಲ್ಲಿ ನನ್ನ ಗಂಡನಿಗೆ ಕನಿಷ್ಠ ಹದಿನಾಲ್ಕು ವರ್ಷ ಆಗಿತ್ತು. ನಾನು ಕಿಟಕಿಯಾಚೆ ನೋಡುತ್ತ, ಜೈಲಿಗೆ ರೊಟ್ಟಿ ಒಯ್ಯಲು ಬಿಡುತ್ತಾರೋ ಇಲ್ಲವೋ, ಚಳಿಗೆ ಕೌದಿ ಕೊಡುತ್ತಾರೋ ಇಲ್ಲವೋ, ಅಲ್ಲಿ ಸೂಜಿ ಚುಚ್ಚಿದರೆ ಇವರು ಏನು ಮಾಡಿಯಾರು ಎಂದೆಲ್ಲ ಯೋಚಿಸುತ್ತಿದ್ದೆ. ಅಣ್ಣಿಗೇರಿ ಹತ್ತಿರವಾದಂತೆ ರಸ್ತೆಯ ಎರಡೂ ಬದಿಯ ಜಾಲಿಮುಳ್ಳಿಗೆ ಲಾರಿಗಳಿಂದ ಹಾರಿದ ಅರಳೆ ಸಿಕ್ಕಿ ಬೆಳ್ಳಗೆ ಅಲುಗಾಡುತ್ತಿತ್ತು. ಎದುರಿನಿಂದ ಹತ್ತಿಯ ಕಟ್ಟು ಹೇರಿದ ಲಾರಿ ಒಂದರ ಹಿಂದೆ ಒಂದು ಬಂದವು. ಕಣ್ಣು ಕಂಡಿತು, ಬುದ್ಧಿ ಕಾಣಲಿಲ್ಲ. ಅಂಜಿದವರ ಬುದ್ಧಿ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ, ಎಷ್ಟು ಸುತ್ತಿದರೂ ಅದೇ ಗೂಟ.

ಕೇಸು ಏನೆಂದು ಮಾಲಕರಿಗೆ ಗೊತ್ತಿರುತ್ತದೆ, ಮೊದಲು ಮಿಲ್ಲಿಗೇ ಹೋಗೋಣ ಎಂದು ಫಕೀರಪ್ಪನವರು ಮಗನಿಗೂ ಫೋನಿನಲ್ಲಿ ಅಲ್ಲಿಗೇ ಬರಹೇಳಿ ಜೀಪನ್ನು ಗೇಟಿನೊಳಗೆ ಬಿಡಿಸಿದರು. ನಾವು ಇಳಿದು ಆಫೀಸಿನ ಬಾಗಿಲಿಗೆ ಬಂದರೆ, ಒಳಗೆ ಕುರ್ಚಿಯ ಮೇಲೆ ನಮ್ಮ ಯಜಮಾನರು ಕುಳಿತಿದ್ದಾರೆ. ತಲೆ, ಹುಬ್ಬು, ಮೀಸೆಯ ತುಂಬ ಅರಳೆ. ಒಂದೇ ದಿನದಲ್ಲಿ ಮುದುಕರಾದಂತೆ ಕಾಣುತ್ತಿದ್ದರು. ಎದುರಿಗೆ ಇಸ್ತ್ರಿ ಅಂಗಿಯ ಒಬ್ಬ ಸಾಹೇಬರು. ನಡುವೆ ಮಿರ್ಚಿ-ಮಂಡಕ್ಕಿಯ ಪೊಟ್ಟಣ.

ನಮ್ಮನ್ನು ಕಂಡದ್ದೇ ಅವರ ಕೈಯ ಮಿರ್ಚಿ ಜಾರಿತು. ಅಳುತ್ತಿರುವ ನಾನು, ತಾಯಿ, ತಂಗಿ, ಹಿಂದೆ ಬೀಗರು. ಮುಖ ಬಿಳಿಚಿಕೊಂಡು ಎದ್ದು, "ಯಾರ ಹೋದ್ರು?" ಎಂದರು.

ಅತ್ತೆ ಹೋಗಿ ಮಗನ ಭುಜ, ತೋಳು, ಬೆನ್ನು ಎಲ್ಲವನ್ನೂ ಒತ್ತಿ ನೋಡಿ, "ಹೊಡದ್ರೇನಪಾ?" ಎಂದು ಕೇಳಿದರು. "ಯಾರು? ಯಾರಿಗೆ?" ಎಂದು ಅವರು ಇನ್ನಷ್ಟು ಗಾಬರಿಯಾದರು. "ಬೇಲ್ ರಿಜೆಕ್ಟ್ ಆತಂತಲ್ರಿ!" ಎಂದು ನಾನು ಚೀರಿದೆ.

"ಆಗೇತಿ. ಅದಕ್ಯಾಕ ಅಳ್ತೀ? ಅಲ್ನೋಡು, ಬಿದ್ದಾವ."

ಅವರು ಕೈ ಮಾಡಿದ ಕಡೆ ಶೆಡ್ಡಿನಲ್ಲಿ, ಪಟ್ಟಿ ಬಿಗಿದ ಹತ್ತಿಯ ಕಟ್ಟುಗಳು, ಒಂದೊಂದೂ ಕಪಾಟಿನಷ್ಟು. ಪ್ರತಿಯೊಂದರ ಮೇಲೂ ಕೆಂಪು ಬಣ್ಣದ ಅಡ್ಡಗೀಟು. ಮುತ್ತಪ್ಪನ ಹಮಾಲರು ಕೊಕ್ಕೆ ಹಾಕಿ ಅವನ್ನು ಉರುಳಿಸುತ್ತಿದ್ದರು. ಅಕಾಲದಲ್ಲಿ ಮಳೆ ಬಿದ್ದು ಹತ್ತಿ ಹಸಿಯಾಗಿತ್ತಂತೆ. ಹಾಗೇ ಒತ್ತಿದ ಬೇಲುಗಳನ್ನು ಕೊಳ್ಳುವ ಕಂಪನಿಯ ಈ ಸಾಹೇಬರು ಬೇಡ ಎಂದರಂತೆ. ಎಲ್ಲ ಬಿಚ್ಚಿಸಿ ಮತ್ತೆ ತೋರಿಸುವವರೆಗೆ ಸೂಪರ್‌ವೈಜರ್ ಎದುರಿಗೇ ಕುಳಿತಿರಬೇಕು, ಸೋಮವಾರದವರೆಗೆ ಲಾರಿ ಬಿಡುವುದಿಲ್ಲ ಎಂದರಂತೆ. ಅವರು ಊಟ ಬಿಟ್ಟು ಆಕಾಶ ನೋಡುತ್ತಿದ್ದುದು ಮಳೆಯ ಚಿಂತೆಗೆ. ಆ ಲಾರಿಯವನು? ಅವನು ಮರುದಿನವೇ ಬಂದು ಹಮಾಲನಿಗೆ ಎಲೆಅಡಿಕೆ ಕೊಟ್ಟು ಹೋಗಿದ್ದನಂತೆ.

ಮೊದಲು ನಕ್ಕವಳು ರೇಣುಕಾ. ಅದೂ ಏಕೆಂದರೆ, ಅಷ್ಟರಲ್ಲಿ ಗೇಟಿನಲ್ಲಿ ಒಂದು ಮೋಟರ್‌ಸೈಕಲ್ ಧೂಳೆಬ್ಬಿಸುತ್ತ ಬಂದು ನಿಂತಿತು. ಹುಡುಗ ಗ್ಯಾರೇಜಿನ ಗ್ರೀಸು ಮೆತ್ತಿದ ಅಂಗಿಯಲ್ಲೇ, ಹೊಲದ ಉತಾರವನ್ನು ಎದೆಗೆ ಅವಚಿಕೊಂಡು ಓಡಿಬಂದ. ಬಂದವನು ಹಿಂದುಮುಂದು ನೋಡದೆ ಇಸ್ತ್ರಿ ಅಂಗಿಯ ಸಾಹೇಬರಿಗೆ ಕೈಮುಗಿದು, "ಸಾಹೇಬ್ರ, ನಮ್ಮ ಭಾವನ್ನ ಬಿಟ್ಟಬಿಡ್ರಿ, ಉತಾರಾ ತಂದೀನಿ" ಎಂದ. ಸಾಹೇಬರಿಗೆ ತಾವು ತಿರಸ್ಕರಿಸಿದ್ದು ಏನನ್ನು ಎಂಬುದೇ ಒಂದು ಕ್ಷಣ ಅನುಮಾನವಾಯಿತು. 'ಭಾವ' ಎಂದದ್ದನ್ನು ಕೇಳಿ ನೀಲವ್ವ ಮಗನನ್ನು ನೋಡಿದರು, ರೇಣುಕಾಳನ್ನು ನೋಡಿದರು, ಆಮೇಲೆ ತಾವೂ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಕೆಂಪು ಗೀಟು ಬಿದ್ದ ಆ ಬೇಲುಗಳ ಮೇಲೆಯೇ ಕುಳಿತು ಎಲ್ಲರೂ ಚಹಾ ಕುಡಿದೆವು, ಮಾತು ಪಕ್ಕಾ ಆಯಿತು. ಹವಾಲ್ದಾರರು ಮಾತ್ರ, "ಆದ್ರೂ ಒಂದ ಸಲ ಸ್ಟೇಷನ್ನಿನ್ಯಾಗ ವಿಚಾರಸೂದು ಚಲೋ ಇತ್ತು" ಎಂದು ಕೊನೆಯವರೆಗೂ ಹೇಳುತ್ತಿದ್ದರು.

ಮನೆಗೆ ಬಂದ ಮರುದಿನ ನಿಘಂಟು ತೆಗೆದೆ. ಹತ್ತಿಯ ಬೇಲು ಚೆಂಡಿನ ಸಂಬಂಧಿಕ. ಸುತ್ತಿ ಉಂಡೆ ಮಾಡಿದ್ದು ಎಂಬುದರಿಂದ ಬಂದದ್ದು. ಹತ್ತಿಯ ಬೇಲಿನಂತೆಯೇ ಬರೆಯುವ ಇನ್ನೊಂದು ಹಳೆಯ ಬೇಲ್ ಇದೆಯಂತೆ. ಅದಕ್ಕೆ ಕೇಡು, ದುಃಖ ಎಂದರ್ಥ. ನಾನು ಅಂದು ಕೇಳಿಸಿಕೊಂಡದ್ದು ಬಹುಶಃ ಅದನ್ನೇ. ಜಾಮೀನಿನ ಬೇಲ್ ಮಾತ್ರ ಲ್ಯಾಟಿನ್ನಿನ ಒಂದು ಶಬ್ದದಿಂದ ಹೊರಟದ್ದು. ಆ ಶಬ್ದದ ಅರ್ಥ: ಹೊರೆ ಹೊರುವವನು, ಹಮಾಲ. ಇನ್ನೊಬ್ಬರ ಭಾರವನ್ನು ತನ್ನ ಹೆಗಲಿಗೆ ತೆಗೆದುಕೊಳ್ಳುವುದೇ ಜಾಮೀನು. ಓದಿ ಪುಸ್ತಕ ಮುಚ್ಚಿದೆ. ಇನ್ನೂ ಬೀಗರಾಗದ ಮನೆಯಲ್ಲಿ, ಒಮ್ಮೆ ಮಾತ್ರ ಕಂಡ ಮನುಷ್ಯನಿಗಾಗಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡು ಎದ್ದ ಫಕೀರಪ್ಪನವರು ಕಣ್ಣಮುಂದೆ ಬಂದರು. ಸೋಮವಾರ ಯಜಮಾನರು ಮನೆಗೆ ಬಂದ ಮೇಲೆ ಈ ಅರ್ಥವನ್ನು ಅವರಿಗೆ ಹೇಳಿದೆ. ಅವರು ಎಲ್ಲ ಕೇಳಿ, "ಹತ್ತಿ ಮಿಲ್ಲಿನ್ಯಾಗ ಇರಾಂವನ ಹೇಣ್ತಿಗೆ ಬೇಲ್ ಅಂದ್ರ ಗೊತ್ತಿಲ್ಲ, ಲ್ಯಾಟಿನ್ ಗೊತ್ತೈತಿ" ಎಂದರು. ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಮದುವೆ ಚೆನ್ನಾಗಿ ಆಯಿತು. ಊರಲ್ಲಿ ಮಾತ್ರ ಸುದ್ದಿ ಅರ್ಧಕ್ಕೇ ನಿಂತಿದೆ; ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ದನಿ ತಗ್ಗಿಸಿ, "ಸಿದ್ದಪ್ಪನ್ನ ಬಿಟ್ರೇನ್ರಿ ಅಕ್ಕೋರ?" ಎಂದು ಕೇಳುತ್ತಾರೆ. ಬಿಟ್ಟರು ಎಂದರೆ ಒಳಗಿದ್ದುದು ಖಾತ್ರಿಯಾಗುತ್ತದೆ, ಬಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಬಸ್ಸು ಬಂತೇನೋ ಎಂದು ರಸ್ತೆ ನೋಡುತ್ತೇನೆ.

ಮುತ್ತಪ್ಪನಿಗೆ ಯಜಮಾನರು ಕಟ್ಟಪ್ಪಣೆ ಮಾಡಿದ್ದಾರೆ: ಅಕ್ಕೋರಿಗೆ ಫೋನು ಮಾಡಿದರೆ ಒಂದೇ ಒಂದು ಇಂಗ್ಲಿಷ್ ಶಬ್ದ ಬಳಸಬಾರದು, ಎಲ್ಲ ಶುದ್ಧ ಕನ್ನಡದಲ್ಲಿ ಹೇಳಬೇಕು. ಪಾಪ, ಅವನು ಅದನ್ನು ಪಾಲಿಸುತ್ತಾನೆ. ಮೊನ್ನೆ ಮಧ್ಯಾಹ್ನ ಅವನ ಫೋನು ಬಂತು. "ಅಕ್ಕೋರ, ಅಂಜಬ್ಯಾಡ್ರಿ. ಅಣ್ಣಾರಿಗೆ ಬರೂದು ತಡಾ ಆಕ್ಕೇತಿ. ಗಂಟ ಅದಾವಲ್ರಿ, ಕೊಯ್ದು ಒಳಗ ಏನೈತಿ ಅಂತ ತಪಾಸ ಮಾಡಾಕತ್ತಾರ."

ಅದು ಹತ್ತಿಯ ಗಂಟು ಎಂದು ನನಗೆ ಗೊತ್ತಿತ್ತು. ಮೈಯಲ್ಲಿ ಏಳುವ ಗಂಟಲ್ಲ, ಕೊಯ್ಯುತ್ತಿರುವವರು ಡಾಕ್ಟರರಲ್ಲ, ಹಮಾಲರು ಎಂದು ಚೆನ್ನಾಗಿ ಗೊತ್ತಿತ್ತು. "ಆತ್ರಿ ಮುತ್ತಪ್ಪ, ತಿಳೀತು" ಎಂದು ನಗುತ್ತಲೇ ಹೇಳಿ ಫೋನಿಟ್ಟೆ. ನನ್ನ ಧೈರ್ಯಕ್ಕೆ ನನಗೇ ಮೆಚ್ಚುಗೆಯಾಯಿತು. ಆ ಮೆಚ್ಚುಗೆ ಮುಗಿಯುವಷ್ಟರಲ್ಲಿ ನಾನು ನವಲಗುಂದದ ಬಸ್ಸಿನಲ್ಲಿ ಕುಳಿತು, ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸುತ್ತಿದ್ದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ನನ್ನ ಅಂಜಿಕೆಗೂ ಟಿಕೆಟ್ಟಿನ ಖರ್ಚಿಲ್ಲ.